ಮೂರು ಪಲ್ಯದ ಮೊಂತಿ ಫೆಸ್ತ್

ಮೊಂತಿ ಫೆಸ್ತಿನ ದಿನ ನಮ್ಮಲ್ಲಿ ಪಲ್ಯಗಳ ಲೆಕ್ಕ ಬೆಸವಾಗಿರಬೇಕು. ಐದು, ಏಳು, ಕೈಲಾದರೆ ಒಂಬತ್ತು. ಎಲ್ಲವೂ ತರಕಾರಿಯದೇ. ಮೀನಿಲ್ಲದೆ ಊಟ ಇಳಿಯದ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರಂದು ಮಾತ್ರ ಮೀನಿನ ವಾಸನೆ ಇರುವುದಿಲ್ಲ. ಅಂದು ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ.

2019ರಲ್ಲಿ ನಮ್ಮ ಎಲೆಯ ಮೇಲೆ ಇದ್ದದ್ದು ಮೂರೇ ಪಲ್ಯ.

ಆ ವರ್ಷ ಜೂನಿನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ತೊದಲಿತು. ಅಮ್ಮನ ಬಳೆಗಳು ಅಡಮಾನಕ್ಕೆ ಹೋದವು. ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೇ ನೀರು ನುಗ್ಗಿತಲ್ಲ, ಆಗ ನಮ್ಮ ಗದ್ದೆಯೂ ಮುಳುಗಿತು. ಹೊಳೆ ಬದಿಯ ತುಂಡು ಗದ್ದೆ ಅದು. ನಾಟಿ ಮಾಡಿದ್ದ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಮೂರು ದಿನ ನೀರಿನಡಿ ಇತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಮೊಣಕಾಲು ಕೆಸರು, ಪ್ಲಾಸ್ಟಿಕ್ ಬಾಟಲಿಗಳು, ಯಾರದೋ ಮಗುವಿನ ಒಂಟಿ ಚಪ್ಪಲಿ. ಪೈರು ಮಲಗಿಬಿಟ್ಟಿತ್ತು. ಅಪ್ಪನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

ಹಾಗಾಗಿ ಆಗಸ್ಟ್ 30ಕ್ಕೆ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾದಾಗ ನನಗೆ ಇಗರ್ಜಿಗೆ (ಚರ್ಚಿಗೆ) ಹೋಗುವ ಮನಸ್ಸೇ ಇರಲಿಲ್ಲ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಎಸೆಯುತ್ತಾರೆ. ಎಲ್ಲರೂ ಸೇರಿ ಕೊಂಕಣಿಯಲ್ಲಿ ಹಾಡುತ್ತಾರೆ. ಆರು ವರ್ಷದ ಮಗಳಿಗೆ ಇದನ್ನೆಲ್ಲ ತಪ್ಪಿಸಲು ಆಗುತ್ತದಾ? ಹೂ ಕೊಳ್ಳುವ ಮಾತಿರಲಿಲ್ಲ. ಅವಳೇ ಬೇಲಿ ಬದಿಯಲ್ಲಿ ಹುಡುಕಿ ದಾಸವಾಳ, ಗೋರಟೆ, ಹೆಸರು ಗೊತ್ತಿಲ್ಲದ ಹಳದಿ ಹೂಗಳನ್ನೆಲ್ಲ ಕಿತ್ತು ತಂದಳು. ಮಳೆಯಲ್ಲಿ ನೆನೆದ ಹೂ. ಎಸೆದರೆ ದೂರ ಹೋಗದೆ ಅವಳ ಕಾಲ ಬುಡಕ್ಕೇ ಬೀಳುತ್ತಿದ್ದವು. ಅವಳು ಹೆಕ್ಕಿ ಹೆಕ್ಕಿ ಮತ್ತೆ ಎಸೆಯುತ್ತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹಾಡು ಬರಲಿಲ್ಲ.

ಅಮ್ಮ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನೋಡಲು ಬಂದ ನೆಂಟರೊಬ್ಬರು, ಈ ಕಾಯಿಲೆಯೂ ದೇವರ ಕೃಪೆ, ಅದಕ್ಕೂ ವಂದನೆ ಹೇಳಬೇಕು ಅಂದರು. ಅಮ್ಮ ಚಹಾ ಲೋಟ ಕೆಳಗಿಟ್ಟು, "ಅದಕ್ಕೆ ಹೇಳುವುದಿಲ್ಲ" ಅಂದುಬಿಟ್ಟರು. ನನಗೆ ಆ ಮಾತು ಬಹಳ ಹಿಡಿಸಿತು. ಸಂತ ಪೌಲನೂ ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಎಲ್ಲದರಲ್ಲೂ ಕೃತಜ್ಞರಾಗಿರಿ ಅನ್ನುತ್ತಾನೆ. ಎಲ್ಲದಕ್ಕೂ ಅಂತ ಅಲ್ಲ.

ಇನ್ನೂ ಒಂದು ಮಾತು ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಮನೆಯಲ್ಲಿ ಆಡುವ ಕೊಂಕಣಿಯಲ್ಲಿ ಥ್ಯಾಂಕ್ಸ್‌ಗೆ "ದೇವ್ ಬರೆಂ ಕರುಂ" ಅನ್ನುತ್ತೇವೆ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಅದರಲ್ಲಿ ನನಗೆ ಏನು ಸಿಕ್ಕಿತು ಅನ್ನುವ ಲೆಕ್ಕವೇ ಇಲ್ಲ ನೋಡಿ. ಎದುರಿಗಿರುವವರಿಗಾಗಿ ಮಾಡುವ ಪ್ರಾರ್ಥನೆ ಅದು. ಕೈ ಖಾಲಿ ಇದ್ದರೂ ಹೇಳಬಹುದು. ಆಸ್ಪತ್ರೆಯ ವರಾಂಡದಲ್ಲಿ ಅಪ್ಪನ ಗಾಲಿಕುರ್ಚಿ ತಳ್ಳಿದ ಹುಡುಗನಿಗೂ ಅಮ್ಮ ಅದನ್ನೇ ಹೇಳಿದ್ದರು. ಆ ಹುಡುಗನಿಗೆ ಕೊಂಕಣಿ ಬರುತ್ತಿರಲಿಲ್ಲ. ನಕ್ಕು ಹೋದ.

ಈ ಹಬ್ಬದ ಕಥೆಯೂ ಸುಖದ ಕಥೆಯಲ್ಲ. ಮೊಂತಿ ಅಂದರೆ ಪೋರ್ಚುಗೀಸರ ಮಾತಿನಲ್ಲಿ ಗುಡ್ಡ. ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಒಂದು ಗುಡ್ಡವಿದೆ, ಅದರ ಮೇಲೆ ಮೊಂತೆ ಮರಿಯಾನೊ ಇಗರ್ಜಿ. ಗೋವಾದಿಂದ ಬಂದಿದ್ದ ಫಾದರ್ ಜೋಕಿಂ ಮಿರಾಂಡರು 1763ರಲ್ಲಿ ಅಲ್ಲಿ ಈ ಹಬ್ಬ ಶುರು ಮಾಡಿದರು ಅನ್ನುತ್ತಾರೆ. 21 ವರ್ಷ ಕಳೆದು 1784ರಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಘಟ್ಟ ಹತ್ತುವಾಗಲೇ ಎಷ್ಟೋ ಜನ ಸತ್ತರು. 1799ರವರೆಗೆ, ಅಂದರೆ 15 ವರ್ಷ, ಸೆರೆ. ಉಳಿದವರು ಊರಿಗೆ ಬಂದು ನೋಡಿದರೆ ಬಹಳಷ್ಟು ಇಗರ್ಜಿಗಳು ನೆಲಸಮ, ಗದ್ದೆಗಳು ಬೇರೆಯವರ ಕೈಯಲ್ಲಿ. ಮತ್ತೆ ಹಬ್ಬ ಮಾಡಿದ ಮೊದಲ ವರ್ಷ ಅವರು ತೆನೆಯನ್ನು ಯಾರ ಗದ್ದೆಯಿಂದ ತಂದಿರಬಹುದು? ನಮ್ಮ ಗದ್ದೆ ಮುಳುಗಿದ ಮೇಲೆ ನನಗೆ ಇದೇ ಯೋಚನೆ.

ನಮಗೂ ತೆನೆ ಬಂದದ್ದು ಬೇರೆಯವರ ಗದ್ದೆಯಿಂದಲೇ. ಅಂದು ಭಾನುವಾರ. ಪೂಜೆಗೆ ಮೊದಲು ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದರು. ಗುರುಗಳು ರೊಟ್ಟಿಯನ್ನು ಎತ್ತಿ, ಯೇಸುಸ್ವಾಮಿ ಹಿಡಿದುಕೊಡಲ್ಪಟ್ಟ ಆ ರಾತ್ರಿಯ ಮಾತು ಹೇಳುವಾಗ ನನಗೆ ಮೈ ಜುಮ್ಮೆಂದಿತು. ಅಷ್ಟು ವರ್ಷ ಕೇಳಿದ್ದರೂ ಗಮನಿಸಿರಲಿಲ್ಲ. ಹಿಡಿದುಕೊಡಲಿದ್ದ ಶಿಷ್ಯ ಯೂದನು ಆಗಲೇ ದುಡ್ಡು ಎಣಿಸಿಕೊಂಡಿದ್ದ. ಬೆಳಗಾದರೆ ಶಿಲುಬೆ. ಆದರೂ ಯೇಸುಸ್ವಾಮಿ ರೊಟ್ಟಿ ಕೈಗೆತ್ತಿಕೊಂಡು ಮೊದಲು ದೇವರಿಗೆ ಸ್ತೋತ್ರ ಮಾಡಿದರು, ಆಮೇಲೆ ಮುರಿದರು. ಊಟ ಮುಗಿಸಿ ಹಾಡು ಹಾಡಿ ಓಲಿವ್ ಗುಡ್ಡಕ್ಕೆ ಹೋದರು.

ಹಿಂದಿನ ಬೆಂಚಿನಲ್ಲೇ ನಾನೂ ಸಣ್ಣ ದನಿಯಲ್ಲಿ ಹಾಡಿದೆ.

ಪೂಜೆ ಮುಗಿದ ಮೇಲೆ ಮನೆಯಲ್ಲಿ ಎಷ್ಟು ಜನರೋ ಅಷ್ಟು ತೆನೆ ಕೊಡುತ್ತಾರೆ. ಮಕ್ಕಳಿಗೆ ಕಬ್ಬಿನ ತುಂಡು. ಮಗಳು ಕಬ್ಬು ಜಗಿಯುತ್ತಾ, ತೆನೆಗಳನ್ನು ಕೊಡೆಯ ಅಡಿಯಲ್ಲಿ ಹಿಡಿದು ಮನೆಗೆ ತಂದಳು. ಅಮ್ಮ ಮೂರು ಪಲ್ಯ ಮಾಡಿಟ್ಟಿದ್ದರು. ಹಿತ್ತಲಲ್ಲಿ ತಾನಾಗಿ ಬೆಳೆದ ಕೆಸುವಿನ ದಂಟಿಗೆ ಪಕ್ಕದ ಮನೆಯವರು ಕೊಟ್ಟ ಅಂಬಟೆ ಹಾಕಿ ಒಂದು. ಬೆಂಡೆಯದು ಒಂದು, ಹರಿವೆಯದು ಒಂದು.

ಹೊಸ ಅಕ್ಕಿಯ ಕಾಳು ಬಿಡಿಸಿ ಹಾಲಿಗೆ ಹಾಕುವುದು ಮನೆಯ ಹಿರಿಯರ ಕೆಲಸ. ನಮ್ಮಲ್ಲಿ ಅಪ್ಪನದು. ನಾನು ತೆನೆ ತೆಗೆದುಕೊಳ್ಳಲು ಕೈ ಚಾಚಿದೆ. ಅಪ್ಪ ತಲೆ ಅಲ್ಲಾಡಿಸಿ ಎಡಗೈಯನ್ನು ಮುಂದೆ ತಂದರು. ಕಾಳು ಇನ್ನೂ ಹಸಿ, ಒಳಗೆ ಹಾಲು ಗಟ್ಟಿಯಾಗುತ್ತಿತ್ತಷ್ಟೆ. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಜಾರುತ್ತಿತ್ತು. ಒಂದು ಕಾಳು ನೆಲಕ್ಕೆ ಬಿತ್ತು. ಮಗಳು ಹೆಕ್ಕಿ ಕೊಟ್ಟಳು. ಪಲ್ಯ ಆರಿತು, ಅನ್ನ ಆರಿತು. ಯಾರೂ ಮಾತಾಡಲಿಲ್ಲ. ಸುಮಾರು 20 ನಿಮಿಷ ಆಗಿರಬೇಕು. ಏಳು ಕಾಳು ಸಿಪ್ಪೆ ಬಿಟ್ಟು ತಟ್ಟೆಯಲ್ಲಿ ಕೂತವು.

ಅಮ್ಮ ಅದನ್ನು ಅರೆದು ಹಾಲಿಗೆ ಬೆರೆಸಿದರು. ಎಲ್ಲರಿಗೂ ಒಂದೊಂದು ಚಮಚ. ಮೊಣಕಾಲೂರಿ ಅಪ್ಪನ ಬಳಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದೆವು. ಅಪ್ಪ ಎಡಗೈಯನ್ನೇ ತಲೆಯ ಮೇಲಿಟ್ಟು "ದೇವ್ ಬರೆಂ..." ಅಂದರು. ಮೂರನೆಯ ಪದ ಬರಲಿಲ್ಲ. ಮಗಳು ಅದನ್ನು ಸೇರಿಸಿದಳು.

ಕುವೈತಿನಲ್ಲಿದ್ದ ತಮ್ಮನ ಪಾಲಿನ ತೆನೆ ಉಳಿದಿತ್ತು. ಅಮ್ಮ ಪ್ರತಿ ವರ್ಷದಂತೆ ಅದರ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿದರು. ನಾನು ಸ್ಟೇಪ್ಲರ್ ತಂದೆ.

"ಬೇಡ, ಪಿನ್ ಹೊಡೆದರೆ ಕಾಳು ಒಡೆಯುತ್ತೆ" ಅಂದರು ಅಮ್ಮ. ಒಂದು ಅನ್ನದ ಅಗುಳು ತೆಗೆದು ಹಚ್ಚಿ ಲಕೋಟೆ ಅಂಟಿಸಿದರು.