ಸಿಂಕ್ ಕೆಳಗಿನ ಪೈಪ್ ಒಡೆದ ದಿನ

12 ಮಾರ್ಚ್ 2025, ಬುಧವಾರ

ಬೆಳಿಗ್ಗೆ ಸಿಂಕ್ ಕೆಳಗಿನ ಪೈಪ್ ಒಡೆಯಿತು. ಕಪಾಟಿನ ಬಾಗಿಲು ತೆಗೆದರೆ ನೀರು ಮುಖಕ್ಕೇ ರಾಚಿತು. ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇದೆಯಲ್ಲ, ಇವರು ಮೊದಲು ಓಡಿದ್ದು ಮೇನ್ ಸ್ವಿಚ್ ಕಡೆಗೆ. ಒಳ್ಳೆಯದೇ ಆಯಿತು, ಟ್ಯಾಂಕ್ ಇಳಿದ ಕೂಡಲೇ ತಾನಾಗಿ ಶುರುವಾಗುವ ಮೋಟರೂ ಜೊತೆಗೇ ಬಂದ್ ಆಯಿತು. ಇಲ್ಲದಿದ್ದರೆ ಕೆಳಗೆ ಹರಿದಷ್ಟೂ ಮೇಲೆ ತುಂಬುತ್ತಲೇ ಇರುತ್ತಿತ್ತು.

ಟ್ಯಾಂಕಿನ ನೀರು ನಿಲ್ಲಿಸಲೆಂದು ತಾರಸಿ ಮೇಲಿರುವ ಗೇಟ್‌ವಾಲ್ ಮಾತ್ರ ಕೈಕೊಟ್ಟಿತು. ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ನೀರು ನಿಲ್ಲುವುದಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದೆ ಒಳಗಿನ ಗೇಟ್ ಕಚ್ಚಿಕೊಂಡು, ಚಕ್ರಕ್ಕೆ ಸೇರಿದ ಕಡ್ಡಿಯಿಂದ, ಅಂದರೆ ಸ್ಪಿಂಡಲ್‌ನಿಂದ, ಕಳಚಿತ್ತಂತೆ.

ಅಷ್ಟರಲ್ಲಿ ಅತ್ತೆ ಹಳೇ ಟವೆಲ್ ಸುತ್ತಿ ಹಗ್ಗ ಬಿಗಿದಿದ್ದರು. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್, ಬಟ್ಟೆಗೆ ಬಗ್ಗುವಂಥದ್ದಲ್ಲ. ಆದರೂ ಚಿಮ್ಮುವುದು ಬಿಟ್ಟು ನೀರು ನೆಟ್ಟಗೆ ಕೆಳಗೆ ಸುರಿಯಿತು, ಬಕೆಟ್ ಇಡಲು ಬಂತು. "ಬಚ್ಚಲ ನಲ್ಲಿಗಳನ್ನೆಲ್ಲ ಬಿಡಮ್ಮ, ಆ ಕಡೆಯಾದರೂ ಹೋಗಲಿ" ಎಂದರು. ಒಂದೊಂದು ನಲ್ಲಿ ಬಿಟ್ಟ ಹಾಗೆಲ್ಲ ಇಲ್ಲಿ ರಭಸ ಇಳಿಯಿತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿದವು. ಇಡೀ ದಿನದಲ್ಲಿ ನಡೆದ ಬುದ್ಧಿವಂತಿಕೆಯ ಕೆಲಸ ಅದೊಂದೇ ಎನ್ನಬೇಕು.

ಪ್ಲಂಬರ್ ಬಂದವರೇ ಎಲ್ಬೋ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ, ಕತ್ತರಿಸಿ ತೆಗೆದು ಬೆಳಕಿಗೆ ಹಿಡಿದರು. ತಿರುಪಿನ ಥ್ರೆಡ್ ಉದ್ದಕ್ಕೂ ಕೂದಲೆಳೆಯಷ್ಟು ಸೀಳು. ಹಿತ್ತಾಳೆ ಫಿಟಿಂಗನ್ನು ಪ್ಲಾಸ್ಟಿಕ್ ಥ್ರೆಡ್‌ಗೆ ಸ್ಪ್ಯಾನರ್ ಹಾಕಿ ಬಿಗಿದಿದ್ದಾರೆ, ಟೆಫ್ಲಾನ್ ಟೇಪೂ ದಪ್ಪಗೆ ಸುತ್ತಿದ್ದಾರೆ. ಪ್ಲಾಸ್ಟಿಕ್ ಆವತ್ತೇ ಬಿರಿಯಬೇಕೆಂದಿಲ್ಲ, ಬಿಗಿತ ತಾಳಿ ತಾಳಿ ಎಂದೋ ಒಂದು ದಿನ ಬಿಟ್ಟುಕೊಡುತ್ತದೆ. "ಸೋರಿದರೆ ಇನ್ನೊಂದು ಸುತ್ತು ಬಿಗಿ ಮಾಡ್ತಾರೆ ಅಕ್ಕ, ಅಲ್ಲೇ ಕೆಡೋದು."

ಈ ಸಲ ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ. ಸಿಪಿವಿಸಿ ಎನ್ನುವ ಪ್ಲಾಸ್ಟಿಕ್ ಪೈಪನ್ನು ನೇರಕ್ಕೆ ಕತ್ತರಿಸಿ, ಅಂಚಿನ ಸಿಬಿರು ಕೆರೆದರು. ಪೈಪಿನಲ್ಲಿ ಉಳಿದ ನೀರು ಜಿನುಗುತ್ತಲೇ ಇತ್ತು. ಒದ್ದೆಯಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದು ನಿಲ್ಲಲಿ ಎಂದು ಕಾದದ್ದೇ ರಿಪೇರಿಗಿಂತ ಜಾಸ್ತಿ. ಆಮೇಲೆ ಆ ಅಂಟು, ಸಲ್ಯೂಷನ್, ಹಚ್ಚಿ, ಕಾಲು ಸುತ್ತು ತಿರುವುತ್ತಾ ಒತ್ತಿ, ಅಲ್ಲಾಡಿಸದೆ ಹಿಡಿದು ಕೂತರು.

ಮೇಲೆ ಗೇಟ್‌ವಾಲ್ ಕಿತ್ತು ಬಾಲ್‌ವಾಲ್ ಹಾಕಿಸಿದೆವು. ಹಿಡಿ ಪೈಪಿಗೆ ಅಡ್ಡ ಇದ್ದರೆ ಬಂದ್. ಕತ್ತಲಲ್ಲಿ ತಡವಿದರೂ ಗೊತ್ತಾಗುತ್ತದೆ. ನಾಳೆ ಬೆಳಿಗ್ಗೆಯವರೆಗೆ ನೀರು ಬಿಡಬೇಡಿ ಎಂದು ಹೇಳಿ ಹೋದರು. ಮರೆತು ಯಾರಾದರೂ ಹಾಕಿಬಿಟ್ಟಾರು ಎಂದು ಗೀಸರ್ ಸ್ವಿಚ್ ಮೇಲೆ ಚೀಟಿ ಅಂಟಿಸಿದ್ದೇನೆ.

ಕಪಾಟಿನ ಪ್ಲೈವುಡ್ ಉಬ್ಬಿ ಬಾಗಿಲು ಮುಚ್ಚುತ್ತಿಲ್ಲ. ಒಣಗಿದರೆ ಸರಿಹೋಗುತ್ತದೆ, ಬಡಗಿಗೆ ಈಗಲೇ ಹೇಳುವುದು ಬೇಡ ಅಂತಾರೆ ಇವರು. ಉಬ್ಬಿದ ಪ್ಲೈವುಡ್ ಇಳಿದದ್ದನ್ನು ನಾನಂತೂ ಕಂಡಿಲ್ಲ.