ರೇಟಿಂಗ್ ಶೀಟ್‌ನಲ್ಲಿ ಕಾಣದ ತೊಸಾಟ್ಟೊ

ಮಾರ್ಚ್ ಬಂತು ಅಂದರೆ ನಮ್ಮ ಐಟಿ ಸಪೋರ್ಟ್ ಟೀಮಿನ ಎಲ್ಲರಿಗೂ ನಾನು ರೇಟಿಂಗ್ ಬರೆಯಬೇಕು. ಯಾರು ಎಷ್ಟು ಟಿಕೆಟ್, ಅಂದರೆ ದಾಖಲಾದ ದೂರು, ಕ್ಲೋಸ್ ಮಾಡಿದರು ಅನ್ನೋದು ಶೀಟ್‌ನಲ್ಲೇ ಇರುತ್ತದೆ. ಅದನ್ನಷ್ಟೇ ನೋಡಿದರೆ ಮತ್ತೆಯೊ ತೊಸಾಟ್ಟೊ ಥರದವರು ಪ್ರತಿ ವರ್ಷ ಕೊನೆಯ ಸಾಲಿನಲ್ಲೇ ಉಳಿಯುತ್ತಾರೆ.

ತೊಸಾಟ್ಟೊ ಇಟಲಿಯ ಸೈಕಲ್ ಸವಾರ, 2016ರಲ್ಲಿ ನಿವೃತ್ತರಾದರು. ಇಟಲಿಯ ಜಿರೊ, ಫ್ರಾನ್ಸಿನ ಟೂರ್ ಡಿ ಫ್ರಾನ್ಸ್, ಸ್ಪೇನಿನ ವುಯೆಲ್ಟಾ, ತಲಾ ಮೂರು ವಾರ ನಡೆಯುವ ಈ ರೇಸುಗಳಲ್ಲಿ ಒಟ್ಟು 34 ಸಲ ಓಡಿದ್ದಾರೆ. ಗೆದ್ದ ಹಂತಗಳು, ಅಂದರೆ ಒಂದೊಂದು ದಿನದ ಓಟಗಳು, ಎರಡೇ: 2001ರ ಜಿರೊದಲ್ಲಿ ಒಂದು, 2006ರ ಟೂರ್‌ನಲ್ಲಿ ಒಂದು.

ಆದರೂ 1997ರಿಂದ ಇಪ್ಪತ್ತು ಸೀಸನ್ ತಂಡಗಳು ಅವರನ್ನು ಬಿಡಲಿಲ್ಲ. ಅವರು ಗ್ರೆಗಾರಿಯೊ, ಅಂದರೆ ನಾಯಕನಿಗಾಗಿ ದುಡಿಯುವ ಸವಾರ. ಮುಂದೆ ನಿಂತು ಗಾಳಿ ತಡೆಯಬೇಕು, ಹಿಂದಿನವನ ಶಕ್ತಿ ಉಳಿಯಬೇಕು. ತಂಡದ ಕಾರಿನ ತನಕ ಹಿಂದೆ ಸರಿದು, ನೀರಿನ ಬಾಟಲಿಗಳನ್ನು ಜೆರ್ಸಿಯೊಳಗೆ ತುರುಕಿಕೊಂಡು, ಆ ಭಾರದಲ್ಲೇ ಗುಂಪು ದಾಟಿ ಹೋಗಿ ಹಂಚಬೇಕು. ನಾಯಕನ ಟೈರ್ ಪಂಕ್ಚರ್ ಆದರೆ ತನ್ನ ಚಕ್ರವನ್ನೇ ಬಿಚ್ಚಿ ಕೊಡಬೇಕು. ಫಾಸ್ಸಾ ಬೊರ್ತೊಲೊ ತಂಡದಲ್ಲಿ ಸ್ಪ್ರಿಂಟರ್ ಪೆಟಾಕ್ಕಿಯನ್ನು ಕೊನೆಯ ಕಿಲೋಮೀಟರುಗಳಲ್ಲಿ ಎಳೆದು ತರುತ್ತಿದ್ದ ಸಾಲಿನಲ್ಲಿ ಇವರಿದ್ದರು. 2015ರಲ್ಲಿ ತಂಡದ ನಾಯಕ ಕೊಂಟಡೋರ್ ಜಿರೊ ಗೆದ್ದಾಗಲೂ ಜೊತೆಗಿದ್ದರು. ಆ ರೇಸಿನ ನಡುವೆಯೇ ತೊಸಾಟ್ಟೊಗೆ 41 ತುಂಬಿತು!

ನನ್ನ ಟೀಮಿನಲ್ಲೂ ಇಂಥವರೊಬ್ಬರಿದ್ದಾರೆ. ಟಿಕೆಟ್ ಸಂಖ್ಯೆ ಕಮ್ಮಿ. ರಾತ್ರಿ ತಾನಾಗಿ ಓಡುವ ಬ್ಯಾಚ್ ಜಾಬ್ ನಿಂತರೆ ಆನ್‌ಕಾಲ್ ಡ್ಯೂಟಿಯ ಹುಡುಗರು ಮೊದಲು ಫೋನ್ ಮಾಡೋದು ಅವರಿಗೇ. "ಲಾಗ್ ತೆಗಿ, ಮೊದಲ ಎರರ್ ಓದು, ಕೊನೇದಲ್ಲ" ಅಂತ ಕೂತು ಬಿಡಿಸುತ್ತಾರೆ. ಟಿಕೆಟ್ ಕ್ಲೋಸ್ ಆಗೋದು ಹುಡುಗನ ಹೆಸರಲ್ಲಿ.

ಹಾಗಾಗಿ ರೇಟಿಂಗ್‌ಗೆ ಮುಂಚೆ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ಸಿಕ್ಕಿಹಾಕಿಕೊಂಡಾಗ ಯಾರಿಗೆ ಫೋನ್ ಮಾಡಿದ್ರಿ?" ಸುಮ್ನೆ ಹೊಗಳಿಕೆ ಬೇಡ, ತಾರೀಖು, ಟಿಕೆಟ್ ನಂಬರ್ ಬೇಕು. ಮೀಟಿಂಗ್‌ನಲ್ಲಿ ಯಾರಾದರೂ "ಅವರ ಕೆಲಸ ಕಾಣಿಸ್ತಾ ಇಲ್ಲ" ಅಂದರೆ ಆ ಪಟ್ಟಿ ಓದುತ್ತೇನೆ. ವಾದ ಅಲ್ಲಿಗೇ ನಿಲ್ಲುತ್ತದೆ.

ಇಂಥವರಿಗೆ ಬಹುಮಾನ ಅಂತ ಟೀಮ್ ಲೀಡ್ ಪಟ್ಟ ಕಟ್ಟೋದು ನನಗೆ ಸರಿ ಕಾಣಲ್ಲ. ಅವರಿಗೆ ಅದು ಬೇಕೋ ಬೇಡವೋ ಅಂತ ಕೇಳಬೇಕಲ್ವಾ? ಸಂಬಳ ಮಾತ್ರ ಏರಲೇಬೇಕು. ಸೈಕ್ಲಿಂಗ್‌ನಲ್ಲಿ ಗೆದ್ದ ಬಹುಮಾನದ ಹಣವನ್ನು ತಂಡದವರೆಲ್ಲ ಹಂಚಿಕೊಳ್ಳುವುದು ರೂಢಿ. ನಮ್ಮಲ್ಲೂ ಬೋನಸ್‌ನ ಒಂದು ಪಾಲು ಇಡೀ ಟೀಮಿಗೆ ಸಿಗಲಿ ಅಂತ ಎಚ್‌ಆರ್‌ಗೆ ಬರೆದಿದ್ದೇನೆ. "ಮುಂದಿನ ವರ್ಷ ನೋಡೋಣ" ಅಂದಿದ್ದಾರೆ.