ಆ ಟ್ರ್ಯಾಕ್ ನಂದಲ್ಲ

ಆವತ್ತು ಸ್ಟುಡಿಯೋದಲ್ಲಿ ಒಂದು ಹಾಡಿಗೆ ಮೂರು ಹಾರ್ಮನಿ, ಅಂದ್ರೆ ಮುಖ್ಯ ದನಿ ಹಿಂದೆ ಬೇರೆ ಸ್ವರದಲ್ಲಿ ಸೇರೋ ದನಿಗಳು, ಹಾಡೋದಿತ್ತು, ಒಂದೊಂದನ್ನೂ ಎರಡೆರಡು ಸಲ, ಹಾಡೋರು ಇಬ್ಬರು, ಒಂದೊಂದು ಸಲಕ್ಕೂ ಬೇರೆ ಬೇರೆ ರೆಕಾರ್ಡಿಂಗ್, ಅಂದ್ರೆ ಒಟ್ಟು 12 ಟ್ರ್ಯಾಕ್. ಇಬ್ಬರಲ್ಲಿ ಒಬ್ಬಳು ನಾನು, ಇನ್ನೊಬ್ಬಳು ನನ್ನ ಹತ್ರ ನಾಲ್ಕು ವರ್ಷದಿಂದ ಕಲೀತಿರೋ ಹುಡುಗಿ. ಅವಳಿಗೆ ಅದೇ ಮೊದಲನೇ ಸೆಷನ್. ಯಾವಾಗ್ಲೂ ನನ್ನ ಜೊತೆ ಹಾಡೋರು ಜ್ವರ ಅಂತ ಬರಕ್ಕಾಗಲ್ಲ ಅಂದ್ರು, ನಾನು ಇವಳನ್ನ ಕರ್ಕೊಂಡು ಹೋದೆ.

ಸೆಷನ್ ಸಿಂಗರ್ ಅಂದ್ರೇನು ಅಂತ ಕೇಳೋರಿಗೆ ಹೇಳ್ಬೇಕಂದ್ರೆ, ಒಂದು ಹಾಡಲ್ಲಿ ಪಲ್ಲವಿ ಎರಡನೇ ಸಲ ಬಂದಾಗ ಹಿಂದೆಯಿಂದ ಏನೋ ತುಂಬಿಕೊಂಡ ಹಾಗೆ ಆಗುತ್ತಲ್ಲ, ಅದು ನಾವು. ಕೆಲವು ಸಲ ಮುಖ್ಯ ಗಾಯಕರು ಬರೋಕೆ ಮುಂಚೆ ಅವರಿಗೆ ದಾರಿ ತೋರಿಸೋಕೆ ಟ್ರ್ಯಾಕ್ ಹಾಡಿಟ್ಟು ಬರ್ತೀವಿ, ಆಮೇಲೆ ಅದನ್ನ ಅಳಿಸ್ತಾರೆ. ಹೆಸರು ಬರೋದು ಕಡಿಮೆ. 1956, 1961, 1964ರಲ್ಲಿ ಬಂದ ಮೂರು ದೊಡ್ಡ ಹಾಲಿವುಡ್ ಸಂಗೀತ ಚಿತ್ರಗಳಲ್ಲಿ ನಾಯಕಿಯರಿಗೆ ಹಾಡಿನ ದನಿ ಕೊಟ್ಟವರು ಮಾರ್ನಿ ನಿಕ್ಸನ್, ಪರದೆ ಮೇಲೆ ಆಗ ಅವರ ಹೆಸರೇ ಇರಲಿಲ್ಲ. ಮುಂದೆ ಅವರೂ ಹಾಡು ಕಲಿಸಿದ್ರು. ಈ ಎರಡು ಕೆಲಸ ಒಟ್ಟಿಗೆ ಮಾಡೋರು ನಮ್ಮಲ್ಲಿ ಬಹಳ ಜನ ಇದ್ದಾರೆ, ಸೆಷನ್ ಯಾವ ತಿಂಗಳು ಬರುತ್ತೆ ಯಾವ ತಿಂಗಳು ಬರಲ್ಲ ಹೇಳಕ್ಕಾಗಲ್ಲ, ಪಾಠ ಆದ್ರೆ ವಾರ ವಾರ ಇರುತ್ತೆ.

ಹಾರ್ಮನಿ ಹಾಡೋದ್ರಲ್ಲಿ ಅರ್ಧ ಕೆಲಸ ಶ್ರುತಿ, ಇನ್ನರ್ಧ ಮರೆಯಾಗೋದು. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕ್ಕೊಂಡು ಇನ್ನೊಂದು ಕಿವೀಲಿ ನಮ್ಮ ದನಿ ನಾವೇ ಕೇಳಿಸ್ಕೋಬೇಕು, ಕಂಪನ ತೆಗೆದು ಸ್ವರ ನೇರ ಇಡಬೇಕು, ಪಕ್ಕದವರು 'ಆ' ಅನ್ನೋಕೆ ಬಾಯಿ ಎಷ್ಟು ತೆರೀತಾರೋ ಅಷ್ಟೇ ತೆರೀಬೇಕು. ಸಾಲಿನ ಕೊನೇಲಿ ಸಕಾರ ಟಕಾರ ಇದ್ರೆ ಒಂದು ಟ್ರ್ಯಾಕಲ್ಲಿ ಮಾತ್ರ ಪೂರ್ತಿ ಹೇಳ್ತೀವಿ, ಮಿಕ್ಕಿದ್ರಲ್ಲೆಲ್ಲ ನುಂಗಿಬಿಡ್ತೀವಿ, ಇಲ್ಲಾಂದ್ರೆ 12 ಸಕಾರ ಹಿಂದೆ ಮುಂದೆ ಬಿದ್ದು ಹಾಡಿನ ಮೇಲೆ ಯಾರೋ ಮರಳು ಸುರಿದ ಹಾಗೆ ಕೇಳುತ್ತೆ. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟಿದ್ದೆ. ಅವಳು ಅಚ್ಚುಕಟ್ಟಾಗಿ ಹಾಡಿದ್ಲು, ಮೈಕ್‌ನಿಂದ ಒಂದು ಗೇಣು ದೂರ ನಿಂತ್ಕೋ ಅಂದಿದ್ದೆ, ಕೊನೆವರೆಗೂ ಒಂದಿಂಚು ಅಲ್ಲಾಡಲಿಲ್ಲ. ನನಗೆ ಎದೆ ತುಂಬಿ ಬಂದಿತ್ತು.

ಎಲ್ಲ ಮುಗಿದ ಮೇಲೆ ಎಂಜಿನಿಯರ್ ಒಂದೊಂದೇ ಟ್ರ್ಯಾಕ್ ಸೋಲೋ ಮಾಡಿ ಕೇಳ್ತಿದ್ರು, ಎಲ್ಲೋ ಬಟ್ಟೆ ಉಜ್ಜಿದ ಸದ್ದು ಸೇರಿದೆ ಅದು ಯಾವುದ್ರಲ್ಲಿ ಅಂತ ಹುಡುಕ್ತಿದ್ರು. ಐದನೇ ಟ್ರ್ಯಾಕಲ್ಲಿ ಸಿಕ್ತು. ನಾನು ತಕ್ಷಣ ಎದ್ದು, "ಅದು ನಂದು, ಇನ್ನೊಂದು ಸಲ ಹಾಡ್ಕೊಡ್ತೀನಿ" ಅಂತ ಹೆಡ್‌ಫೋನ್‌ಗೆ ಕೈ ಹಾಕಿದೆ. ಅವರು ಸ್ಕ್ರೀನ್ ನೋಡಿ, "ಇಲ್ಲ ಮೇಡಂ, ಇದು ನಿಮ್ದಲ್ಲ, ಅವರ್ದು" ಅಂದ್ರು.

ಮತ್ತೆ ಹಾಕಿ ಅಂದೆ. ಹಾಕಿದ್ರು. ಮೂರು ಸಲ ಕೇಳಿದೆ. ಪಕ್ಕದಲ್ಲಿ ಹುಡುಗಿ ಮುಖ ಅರಳಿತ್ತು, ಮಿಸ್‌ಗೇ ಗೊತ್ತಾಗದಷ್ಟು ಮಿಸ್ ಥರ ಹಾಡಿದೀನಿ ಅಂತ ಅವಳಿಗೆ ಸಂತೋಷ. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯ್ತು.

ಯಾಕೆ ಅಂತ ಹೇಳ್ಬೇಕಂದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. 11 ವರ್ಷದ ಹಿಂದೆ ನನ್ನ ಗಂಟಲು ಕೆಟ್ಟಿತ್ತು. ನೆಗಡಿ ಇದ್ರೂ ಬಿಡದೆ ಸೆಷನ್‌ಗೆ ಹೋಗಿ ಎತ್ತರದ ಸ್ಥಾಯಿ ಹಾಡಿ ಹಾಡಿ, ಆಮೇಲೆ ಕ್ಯಾಮೆರಾ ಹಾಕಿ ನೋಡಿದಾಗ ಎರಡೂ ಧ್ವನಿತಂತುಗಳ ಮೇಲೆ ಎದುರುಬದುರು ಪುಟ್ಟ ಗಂಟು. ಅದು ಒಂಥರಾ ಜಡ್ಡುಗಟ್ಟಿದ ಹಾಗೆ, ಗುದ್ದಲಿ ಹಿಡಿದವರ ಅಂಗೈಲಿ ಆಗುತ್ತಲ್ಲ ಹಾಗೆ. ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ತಂತುಗಳು ಅವು, ತಾರ ಸ್ಥಾಯೀಲಿ 440 ಹರ್ಟ್ಜ್‌ನ ಒಂದು ಸ್ವರ ಹಿಡಿದ್ರೆ ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡೀತವೆ. ಅಂಥದ್ರಲ್ಲಿ ಗಂಟು ಅಂದ್ರೆ ಏನಾಗುತ್ತೆ ಯೋಚ್ನೆ ಮಾಡಿ. ನನ್ನ ಪುಣ್ಯಕ್ಕೆ ಆಪರೇಷನ್ ಬೇಕಾಗಲಿಲ್ಲ, ಥೆರಪಿಯಲ್ಲೇ ಕರಗಿತು. ನೀರಲ್ಲಿ ಸ್ಟ್ರಾ ಅದ್ದಿ ಗುಳುಗುಳು ಅಂತ ಸ್ವರ ಎಳೆಯೋದು, ತುಟಿ ಬುರ್ ಅನ್ನಿಸೋದು, ಹೀಗೆ ತಿಂಗಳುಗಟ್ಟಲೆ. ಅದ್ರಲ್ಲಿ ಒಂದು ಏನಂದ್ರೆ, ಸ್ವರಾಕ್ಷರದಿಂದ ಶುರುವಾಗೋ ಪದ ಬಂದ್ರೆ ತಂತುಗಳು ಪಟ್ ಅಂತ ಅಪ್ಪಳಿಸದ ಹಾಗೆ ಮುಂದೆ ಒಂಚೂರು ಉಸಿರು ಬಿಟ್ಟು ಶುರು ಮಾಡೋದು. ಅಕಾರದ ಮುಂದೆ ಕಾಣಿಸದಷ್ಟು ಸಣ್ಣ ಹಕಾರ.

ನನ್ನ ಗಂಟಲು ವಾಸಿಯಾಯ್ತು, ಆ ಹಕಾರ ಮಾತ್ರ ನನ್ನಲ್ಲೇ ಉಳೀತು. ಕೆಲವರಿಗೆ ಅದೇ ಇಷ್ಟ, ಮೆತ್ತಗಿದೆ ಅಂತಾರೆ, ಅದಕ್ಕೇ ಕರೀತಾರೆ ಕೂಡ.

ಐದನೇ ಟ್ರ್ಯಾಕಲ್ಲಿ ನಾನು ಕೇಳಿದ್ದು ಅದನ್ನೇ. ಪ್ರತಿ ಸಾಲಿನ ಶುರುವಲ್ಲೂ ನನ್ನ ಆ ಪುಟ್ಟ ಉಸಿರು, ನನ್ನದಲ್ಲದ ಗಂಟಲಲ್ಲಿ. ಅವಳ ತಂತುಗಳಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿವೆ, ಮೊದಲನೇ ದಿನ ನನ್ನ ಮುಂದೆ ಕೂತು ಹಾಡಿದಾಗ ಸ್ವರ ಗಂಟೆ ಹೊಡೆದ ಹಾಗೆ ಶುರುವಾಗ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಕಾಲು ಮುರಿದು ವಾಸಿಯಾದವರು ಕುಂಟೋದನ್ನ ನೋಡಿ ನೋಡಿ ಮಗು ಕುಂಟೋದು ಕಲಿತ ಹಾಗೆ ಆಗಿತ್ತು.

ಪಾಠದಲ್ಲಿ ನಾನು ಮಾಡ್ತಿದ್ದಿದ್ದು ಏನು? ನಾನು ಒಂದು ಸಾಲು ಹಾಡೋದು, ಅವಳು ಹಾಡೋದು, "ಇನ್ನೂ ಹತ್ರ ಬಾ" ಅನ್ನೋದು. ಹತ್ರ ಅಂದ್ರೆ ಯಾರ ಹತ್ರ? ನನ್ನ ಹತ್ರ. ಸ್ಟುಡಿಯೋದಲ್ಲಿ ಪಕ್ಕದವರ ದನಿಗೆ ದನಿ ಸೇರಿಸೋದೇ ಕೆಲಸ ಆಗಿದ್ದರಿಂದ ಪಾಠದಲ್ಲೂ ನನ್ನ ಕಿವಿ ಅದನ್ನೇ ಹುಡುಕ್ತಿತ್ತು ಅನ್ಸುತ್ತೆ, ಸೇರಿಬಿಟ್ರೆ ಭೇಷ್ ಅಂತಿದ್ದೆ. ಕಂಠದಿಂದ ಕಂಠಕ್ಕೆ ಕಲಿಸೋದು ತಪ್ಪು ಅಂತ ನಾನು ಹೇಳಲ್ಲ, ನಾನೂ ಹಾಗೇ ಕಲಿತವಳು. ಆದ್ರೆ ಕೊಡೋದ್ರಲ್ಲಿ ಯಾವುದು ವಿದ್ಯೆ ಯಾವುದು ನನ್ನ ಗಾಯ ಅಂತ ಕಲಿಸೋರು ಬೇರೆ ಮಾಡಿ ಇಟ್ಕೊಂಡಿರ್ಬೇಕು, ನಾನು ಇಟ್ಕೊಂಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮ್ಯಾನುಯೆಲ್ ಗಾರ್ಸಿಯಾ ನೆನಪಾದ್ರು. 1854ರಲ್ಲಿ ಒಂದು ಪುಟ್ಟ ಕನ್ನಡೀನ ಗಂಟಲೊಳಗೆ ಇಟ್ಟು ಬಿಸಿಲು ಬಿಟ್ಕೊಂಡು, ಹಾಡುವಾಗ ತಮ್ಮ ಧ್ವನಿತಂತುಗಳು ಹೇಗೆ ಕೂಡ್ತವೆ ಅಂತ ತಾವೇ ನೋಡಿದವರು, ಅವರು ಡಾಕ್ಟರ್ ಅಲ್ಲ, ಹಾಡು ಕಲಿಸೋ ಮೇಷ್ಟ್ರು. ಸ್ವರ ಶುರುವಾಗೋ ಆ ಕ್ಷಣ ಸ್ವಚ್ಛವಾಗಿರ್ಬೇಕು ಅಂತ ಅವರು ಪಟ್ಟು ಹಿಡಿದು ಕಲಿಸ್ತಿದ್ರು, ಅದನ್ನ ತಪ್ಪಾಗಿ ತಿಳ್ಕೊಂಡು ಗಂಟಲು ಕುಟ್ಟಿದವರೂ ಇದ್ದಾರೆ. ಉಸಿರು ಮೊದಲು ಬಂದ್ರೆ ಹಕಾರ, ತಂತು ಮೊದಲು ಬಿಗಿದ್ರೆ ಪಟ್ ಅನ್ನೋ ಪೆಟ್ಟು, ಎರಡೂ ಒಟ್ಟಿಗೆ ಬಂದ್ರೆ ಮಾತ್ರ ಬರೀ ಸ್ವರ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಿವಿ ನಾಲ್ಕು ವರ್ಷ ಅದನ್ನ ಹಿಡೀಲಿಲ್ಲ, ಅದು ನನ್ನದೇ ಆಗಿದ್ದರಿಂದ.

ಮುಂದಿನ ಪಾಠಕ್ಕೆ ಅವಳು ಬಂದಾಗ ನಡೆದಿದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಮೊದಲು ಅತ್ತಳು. ಆಮೇಲೆ, "ಹಾಗಾದ್ರೆ ನಾನು ಹೇಗೆ ಹಾಡ್ಬೇಕು ಮಿಸ್, ಒಂದ್ಸಲ ಹಾಡಿ ತೋರ್ಸಿ" ಅಂದ್ಲು. ಅದೊಂದೇ ನಾನು ಮಾಡಬಾರದಾಗಿದ್ದು. ಕೀಬೋರ್ಡಲ್ಲಿ ಒಂದು ಸ್ವರ ಹಿಡಿದು ಸುಮ್ಮನೆ ಕೂತೆ. ಅವಳು ಶುರು ಮಾಡಿದ್ಲು, ಹಕಾರ ಬಂತು. ಮತ್ತೆ ಬಂತು. ಹತ್ತು ನಿಮಿಷ ಆದ್ಮೇಲೆ, ಹಾಡ್ಬೇಡ, ಬಾಗಿಲಲ್ಲಿ ನಿಂತು ಒಳಗಿರೋ ಅಮ್ಮನ್ನ ಕರೀತೀಯಲ್ಲ ಹಾಗೆ ಕರಿ ಅಂದೆ. "ಅಮ್ಮಾ!" ಅಂದ್ಲು. ಅಮ್ಮನ್ನ ಕರೆಯುವಾಗ ಯಾರೂ ಮುಂದೆ ಉಸಿರು ಬಿಡಲ್ಲ. ಅದನ್ನೇ ಇನ್ನೊಂದ್ಸಲ, ಈಗ ಈ ಸ್ವರದ ಮೇಲೆ, ಸ್ವಲ್ಪ ಎಳೆದು. ಬಂತು. ಮೊದಲನೇ ದಿನ ಕೇಳಿದ ಆ ದನಿ, ನಾಲ್ಕು ವರ್ಷ ದೊಡ್ಡದಾಗಿ. ಫೋನಲ್ಲಿ ರೆಕಾರ್ಡ್ ಮಾಡಿ ಅವಳಿಗೆ ಕೇಳಿಸಿದೆ, ಇದು ನಾನಾ ಅಂತ ಕೇಳಿದ್ಲು.

ಈಗ ನಾನು ಪಾಠದಲ್ಲಿ ಹಾಡಿ ತೋರಿಸೋದು ತುಂಬಾ ಕಡಿಮೆ ಮಾಡಿದೀನಿ, ಮಿಕ್ಕ ವಿದ್ಯಾರ್ಥಿಗಳದ್ದೂ ಹಳೇ ರೆಕಾರ್ಡಿಂಗ್ ತೆಗೆದು ಒಂದೊಂದೇ ಕೇಳ್ತಿದೀನಿ, ಇನ್ನಿಬ್ಬರಲ್ಲಿ ಅದೇ ಉಸಿರು ಸಿಕ್ಕಿದೆ. ಅವಳಿಗೆ ಅಕಾರ ಸರಿಹೋಯ್ತು, ಉಕಾರನೂ ಪರವಾಗಿಲ್ಲ. ಇಕಾರ ಎಕಾರ ಮೇಲಿನ ಸ್ಥಾಯಿಗೆ ಹೋದ್ರೆ ಹಕಾರ ಮತ್ತೆ ಇಣುಕುತ್ತೆ. ಮಂಗಳವಾರ ಬರ್ತಾಳೆ, ಅದನ್ನ ಹಿಡ್ಕೊಂಡು ಕೂರ್ತೀವಿ.